ಶಿಕ್ಷೆಗಳ ಎಣಿಕೆಯಿಂದ ಪ್ರಾಸಿಕ್ಯೂಟರನ್ನು ಅಳೆಯಬಹುದೇ?

ಉಜ್ವಲ್ ನಿಕಂ ಅವರ ಹೆಸರು ಬಂದಲ್ಲೆಲ್ಲ ಪತ್ರಿಕೆಗಳು ಎರಡು ಅಂಕಿಗಳನ್ನು ಜೋಡಿಸುತ್ತವೆ: 628 ಜೀವಾವಧಿ, 37 ಗಲ್ಲು. 1993ರ ಮುಂಬೈ ಸರಣಿ ಸ್ಫೋಟ, 26/11ರ ದಾಳಿ ಸೇರಿದಂತೆ ಮಹಾರಾಷ್ಟ್ರದ ದೊಡ್ಡ ದೊಡ್ಡ ಮೊಕದ್ದಮೆಗಳನ್ನು ವಿಶೇಷ ಸರ್ಕಾರಿ ಅಭಿಯೋಜಕರಾಗಿ (ಪ್ರಾಸಿಕ್ಯೂಟರ್) ನಡೆಸಿದ ಅವರಿಗೆ 2016ರಲ್ಲಿ ಪದ್ಮಶ್ರೀ ಬಂತು, 2025ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನವೂ ಆಯಿತು. ಕೊಲೆ, ಅತ್ಯಾಚಾರ, ಭಯೋತ್ಪಾದನೆಯಂಥ ಕೇಸುಗಳಿಗೆ ಸರ್ಕಾರ ವಕೀಲರನ್ನು ಆರಿಸುವಾಗ ಇಂಥ ಲೆಕ್ಕವನ್ನೇ ಅಳತೆಗೋಲು ಮಾಡಿಕೊಳ್ಳಬಹುದೇ?

ಪರ: ಲೆಕ್ಕವಿಲ್ಲದಿದ್ದರೆ ಕೇಳುವವರೇ ಇಲ್ಲ

ಕೊಲೆ ಕೇಸೊಂದು ಖುಲಾಸೆಯಾದ ಸಂಜೆ ಏನಾಗುತ್ತದೆ? ಸಾಕ್ಷಿಗಳು ತಿರುಗಿಬಿದ್ದರು ಎಂದು ಪೊಲೀಸರು ಹೇಳುತ್ತಾರೆ. ತನಿಖೆಯೇ ನೆಟ್ಟಗಿರಲಿಲ್ಲ ಎಂದು ಪಿ.ಪಿ. (ಪಬ್ಲಿಕ್ ಪ್ರಾಸಿಕ್ಯೂಟರ್) ಕಚೇರಿ ಹೇಳುತ್ತದೆ. ತೀರ್ಪಿನ ಕೊನೆಯ ಪುಟದಲ್ಲಿ ‘ಸಂಶಯದ ಲಾಭ’ ಎಂಬ ಎರಡು ಪದ ಇರುತ್ತದೆ. ಮರುದಿನ ಎಲ್ಲರಿಗೂ ಬೇರೆ ಕೇಸು.

ಹೀಗಾಗಬಾರದೆಂದು ಸುಪ್ರೀಂ ಕೋರ್ಟ್ 2014ರ ಜನವರಿ 7ರಂದು ಕಿಶನ್‌ಭಾಯ್ ಪ್ರಕರಣದಲ್ಲಿ ಸ್ಪಷ್ಟವಾಗಿ ಬರೆಯಿತು. ಪುಟ್ಟ ಹುಡುಗಿಯೊಬ್ಬಳ ಮೇಲಿನ ಅತ್ಯಾಚಾರ ಮತ್ತು ಕೊಲೆಯ ಆ ಕೇಸು ತನಿಖೆಯ ಲೋಪಗಳಿಂದಲೇ ಬಿದ್ದುಹೋಗಿತ್ತು. ಪ್ರತಿ ರಾಜ್ಯವೂ ಪೊಲೀಸ್ ಮತ್ತು ಅಭಿಯೋಜನಾ ಇಲಾಖೆಯ ಹಿರಿಯರ ಸ್ಥಾಯಿ ಸಮಿತಿ ಮಾಡಬೇಕು, ಪ್ರತಿ ಖುಲಾಸೆಯನ್ನೂ ಆ ಸಮಿತಿ ಓದಬೇಕು, ತಪ್ಪು ಯಾರದೆಂದು ದಾಖಲಿಸಬೇಕು ಎಂದು ನ್ಯಾಯಾಲಯ ಆದೇಶಿಸಿತು. ಯಾರು ಯಾವ ಕೇಸು ನಡೆಸಿದರು, ಅದು ಏನಾಯಿತು ಎಂಬ ಪಟ್ಟಿಯೇ ಇಲ್ಲದೆ ಈ ಕೆಲಸ ಹೇಗೆ ಸಾಧ್ಯ?

ಕಾನೂನು ಕೇಳುವ ಅರ್ಹತೆಯಂತೂ ಬಹಳ ತೆಳು. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 18ನೇ ಕಲಂ ಪ್ರಕಾರ ವಿಶೇಷ ಅಭಿಯೋಜಕರಾಗಲು ಹತ್ತು ವರ್ಷ ವಕೀಲಿಕೆ ಮಾಡಿದ್ದರೆ ಸಾಕು. ಹತ್ತು ವರ್ಷ ಚೆಕ್ ಬೌನ್ಸ್ ಕೇಸನ್ನೇ ನಡೆಸಿದವರೂ ಅರ್ಹರು. ಕೆಲಸದ ದಾಖಲೆ ನೋಡಬೇಡಿ ಎಂದರೆ ಉಳಿಯುವುದು ಶಿಫಾರಸು ಒಂದೇ. ಅದು ಹೇಗೆ ನಡೆಯುತ್ತದೆ ಎಂದು ಕೋರ್ಟ್ ಆವರಣದಲ್ಲಿ ಚಹಾ ಕುಡಿದವರಿಗೆಲ್ಲ ಗೊತ್ತು.

‘ಫಲಿತಾಂಶ ಪ್ರಾಸಿಕ್ಯೂಟರ್ ಕೈಯಲ್ಲಿಲ್ಲ’ ಎಂಬುದು ಅರ್ಧ ಸತ್ಯ. ತಿರುಗಿಬಿದ್ದ ಸಾಕ್ಷಿಯನ್ನೇ ತೆಗೆದುಕೊಳ್ಳಿ. ಕಟಕಟೆಗೆ ಬಂದ ಪ್ರತ್ಯಕ್ಷದರ್ಶಿ ‘ನಾನೇನೂ ನೋಡಿಲ್ಲ’ ಅನ್ನುತ್ತಾನೆ. ಸೋಮಾರಿ ಪಿ.ಪಿ. ನ್ಯಾಯಾಲಯದ ಅನುಮತಿ ಪಡೆದು, ಪೊಲೀಸರ ಮುಂದಿನ ಹೇಳಿಕೆಯನ್ನು ಇಡಿಯಾಗಿ ಓದಿ ಹೇಳಿ, ಸಾಕ್ಷಿ ‘ಸುಳ್ಳು’ ಎಂದ ಕೂಡಲೇ ಅದನ್ನು ನಿ.ಪಿ. 12 (ಅಭಿಯೋಜನೆಯ 12ನೇ ದಾಖಲೆ) ಎಂದು ಗುರುತಿಸಿ ಕೂತುಬಿಡುತ್ತಾರೆ. ಕೆಲಸ ಬಲ್ಲವರು ಹೇಳಿಕೆಯನ್ನು ವಾಕ್ಯವಾರು ಒಡೆಯುತ್ತಾರೆ. ಯಾವ ಭಾಗಕ್ಕೆ ಸಾಕ್ಷಿ ಉಲ್ಟಾ ಹೊಡೆದನೋ ಅಷ್ಟನ್ನು ಮಾತ್ರ 12(ಎ), 12(ಬಿ) ಎಂದು ಗುರುತಿಸುತ್ತಾರೆ. ಆಮೇಲೆ ಅವನು ಇಲ್ಲವೆನ್ನಲಾಗದ ಪ್ರಶ್ನೆಗಳು: ನಿನ್ನ ಅಂಗಡಿ ಅದೇ ಓಣಿಯಲ್ಲಿದೆಯೇ? ಆ ರಾತ್ರಿ ಅಂಗಡಿ ತೆರೆದಿತ್ತೇ? ಆಂಬುಲೆನ್ಸ್‌ಗೆ ಫೋನ್ ಹೋದದ್ದು ನಿನ್ನ ನಂಬರಿನಿಂದಲೇ? ಪೊಲೀಸರಿಗೂ ನಿನಗೂ ಹಳೇ ದ್ವೇಷ ಇದೆಯೇ? ಪೊಲೀಸರ ಮುಂದಿನ ಹೇಳಿಕೆ ತಾನಾಗಿಯೇ ಪುರಾವೆಯಾಗುವುದಿಲ್ಲ. ಆದರೆ ಪಾಟೀ ಸವಾಲಿನಲ್ಲಿ ಅವನು ಒಪ್ಪಿಕೊಂಡ ಮಾತು ಪುರಾವೆಯೇ. ಇಷ್ಟಕ್ಕೇ ಮುಗಿಯದು. ತಿಂಗಳುಗಳ ಬಳಿಕ ತನಿಖಾಧಿಕಾರಿ ಕಟಕಟೆಗೆ ಬಂದಾಗ ಅದೇ 12(ಎ) ಭಾಗ ತೋರಿಸಿ ‘ಈ ಸಾಕ್ಷಿ ನಿಮ್ಮ ಮುಂದೆ ಹೀಗೆ ಹೇಳಿದ್ದರೇ?’ ಎಂದು ಕೇಳಲೇಬೇಕು. ಕೇಳದಿದ್ದರೆ ಆ ವೈರುಧ್ಯ ಸಾಬೀತಾದಂತಲ್ಲ, ಹಿಂದೆ ಪಟ್ಟ ಶ್ರಮವೆಲ್ಲ ನೀರಲ್ಲಿ ಹೋಮ. ಈ ಒಂದು ಪ್ರಶ್ನೆ ಬಿಟ್ಟುಹೋದ ಕಡತಗಳು ಬೇಕಾದಷ್ಟಿವೆ.

ಮುದ್ದೆಮಾಲಿನ, ಅಂದರೆ ಪೊಲೀಸರು ವಶಪಡಿಸಿಕೊಂಡ ವಸ್ತುಗಳ, ವಿಷಯವೂ ಹಾಗೆಯೇ. ಚಾಕು ವಶಕ್ಕೆ ಬಂದದ್ದು 1ನೇ ತಾರೀಕು, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಹೋದದ್ದು 19ನೇ ತಾರೀಕು ಎಂದಿಟ್ಟುಕೊಳ್ಳಿ. ನಡುವಿನ ಹದಿನೆಂಟು ದಿನ ಅದು ಯಾರ ಬಳಿ, ಯಾವ ಮೊಹರಿನೊಂದಿಗೆ ಇತ್ತು? ಠಾಣೆಯ ರೈಟರ್ ಮತ್ತು ಅದನ್ನು ಒಯ್ದ ಕಾನ್‌ಸ್ಟೆಬಲ್ ಇಬ್ಬರೂ ಎಷ್ಟೋ ಸಲ ದೋಷಾರೋಪ ಪಟ್ಟಿಯ ಸಾಕ್ಷಿಗಳಲ್ಲಿ ಇರುವುದೇ ಇಲ್ಲ. ವಿಚಾರಣೆ ಶುರುವಾಗುವ ಮೊದಲು ಪಟ್ಟಿ ಓದಿದವರು ಅದೇ ಸಂಹಿತೆಯ 348ನೇ ಕಲಂ ಅಡಿ ಅರ್ಜಿ ಹಾಕಿ ಇಬ್ಬರನ್ನೂ ಕರೆಸುತ್ತಾರೆ. ಓದದವರಿಗೆ ಇದು ತಿಳಿಯುವುದು ಪ್ರತಿವಾದಿ ವಕೀಲರು ಕೊನೆಯ ವಾದ ಮಂಡಿಸುವಾಗ.

ಪ್ರಾಸಿಕ್ಯೂಟರ್ ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ 2002ರ ಗುಜರಾತ್ ಗಲಭೆಯ ಹತ್ಯಾಕಾಂಡಗಳಲ್ಲೊಂದಾದ ಬೆಸ್ಟ್ ಬೇಕರಿ ಪ್ರಕರಣವಿದೆ. 2003ರಲ್ಲಿ ವಡೋದರದ ತ್ವರಿತ ನ್ಯಾಯಾಲಯ ಎಲ್ಲ 21 ಆರೋಪಿಗಳನ್ನೂ ಬಿಟ್ಟಿತು. ಅಭಿಯೋಜಕರು ಪ್ರತಿವಾದಿಗಳ ಪರವೇ ನಿಂತಂತೆ ನಡೆದುಕೊಂಡರೆಂದು 2004ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಟೀಕಿಸಿ, ಮಹಾರಾಷ್ಟ್ರದಲ್ಲಿ ಮರುವಿಚಾರಣೆಗೆ ಆದೇಶಿಸಿತು. 2006ರಲ್ಲಿ ಮುಂಬೈಯ ನ್ಯಾಯಾಲಯ 9 ಮಂದಿಗೆ ಜೀವಾವಧಿ ವಿಧಿಸಿತು. 2012ರಲ್ಲಿ ಹೈಕೋರ್ಟ್ ಅವರಲ್ಲಿ ಐವರನ್ನು ಬಿಟ್ಟು ನಾಲ್ವರ ಶಿಕ್ಷೆ ಉಳಿಸಿತು. ಬದಲಾದದ್ದು ವಕೀಲರೊಬ್ಬರೇ ಅಲ್ಲ, ಊರೂ ವಾತಾವರಣವೂ ಬದಲಾಗಿತ್ತು, ನಿಜ. ಆದರೆ ವಕೀಲರು ಲೆಕ್ಕಕ್ಕಿಲ್ಲ ಎಂದು ಇದನ್ನು ಓದಿದ ಮೇಲೂ ಯಾರು ಹೇಳಿಯಾರು?

ಆದ್ದರಿಂದ ಎಣಿಸಿ, ಆದರೆ ನೆಟ್ಟಗೆ ಎಣಿಸಿ. ತೀರ್ಪಿನ ದಿನದ ಶಿಕ್ಷೆಯನ್ನಲ್ಲ, ಮೇಲ್ಮನವಿಯಲ್ಲಿ ಉಳಿದ ಶಿಕ್ಷೆಯನ್ನು ಎಣಿಸಿ. ಮುಖ್ಯ ಸಾಕ್ಷಿಗಳನ್ನು ವಿಚಾರಿಸಿದವರ ಹೆಸರಿಗೆ ಬರೆಯಿರಿ. ಕೊನೆಯ ದಿನ ವಾದ ಮಾಡಿ ಫೋಟೊದಲ್ಲಿ ನಿಂತವರ ಹೆಸರಿಗಲ್ಲ. ಖುಲಾಸೆಯಾದರೆ ಕಾರಣದ ಕಾಲಂ ಇರಲಿ. ಕೊಲೆಯನ್ನು ಕೊಲೆಯ ಜತೆ, ಅತ್ಯಾಚಾರವನ್ನು ಅತ್ಯಾಚಾರದ ಜತೆ ಹೋಲಿಸಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ಪ್ರಕಾರ 2022ರಲ್ಲಿ ದೇಶದ ಐಪಿಸಿ ಪ್ರಕರಣಗಳ ಶಿಕ್ಷೆಯ ಪ್ರಮಾಣ ಶೇ 54ರಷ್ಟಿದ್ದರೆ ಅತ್ಯಾಚಾರದ್ದು ಶೇ 27–28ರ ಆಸುಪಾಸಿನಲ್ಲಿತ್ತು. ಎರಡನ್ನೂ ಕಲಸಿ ಒಂದು ಸರಾಸರಿ ತೆಗೆದರೆ ಕಷ್ಟದ ಕೇಸು ಹಿಡಿದವರಿಗೇ ಅನ್ಯಾಯ.

ವಿರೋಧ: ಆ ಅಂಕಿ ಯಾರದು?

26/11ರ ಮೊಕದ್ದಮೆಯನ್ನು ಕಸಬ್ ಒಬ್ಬನ ಕೇಸೆಂದು ನೆನಪಿಟ್ಟುಕೊಂಡವರೇ ಹೆಚ್ಚು. ಅಲ್ಲಿ ಮೂವರು ಆರೋಪಿಗಳಿದ್ದರು. ಫಹೀಮ್ ಅನ್ಸಾರಿ ಮತ್ತು ಸಬಾವುದ್ದೀನ್ ಅಹ್ಮದ್ ದಾಳಿಕೋರರಿಗೆ ನಕ್ಷೆ ಮಾಡಿಕೊಟ್ಟು ನೆರವಾದರು ಎಂಬುದು ಆರೋಪ. ನಕ್ಷೆ ಸಿಕ್ಕಿದ್ದು ಕಸಬ್‌ನ ಜತೆಗಿದ್ದು ಸತ್ತ ದಾಳಿಕೋರ ಅಬು ಇಸ್ಮಾಯಿಲ್‌ನ ಪ್ಯಾಂಟ್ ಜೇಬಿನಲ್ಲಿ ಎಂದು ಪೊಲೀಸರು ಹೇಳಿದರು. ಆ ಪ್ಯಾಂಟ್ ರಕ್ತಸಿಕ್ತ. ಕಾಗದದ ಮೇಲೆ ಮಾತ್ರ ಒಂದು ಹನಿ ರಕ್ತವಿಲ್ಲ. ವಿಶೇಷ ನ್ಯಾಯಾಲಯ ಇದನ್ನು ನಂಬಲಿಲ್ಲ. 2010ರ ಮೇ 3ರಂದು ಇಬ್ಬರನ್ನೂ ಬಿಟ್ಟಿತು. ಹೈಕೋರ್ಟ್, ಸುಪ್ರೀಂ ಕೋರ್ಟ್ ಎರಡೂ ಅದನ್ನೇ ಎತ್ತಿಹಿಡಿದವು.

ಅದೇ ನ್ಯಾಯಾಲಯ, ಅದೇ ಪ್ರಾಸಿಕ್ಯೂಟರ್, ಅದೇ ದೋಷಾರೋಪ ಪಟ್ಟಿ. ಒಬ್ಬನಿಗೆ ಗಲ್ಲು, ಇಬ್ಬರಿಗೆ ಖುಲಾಸೆ. ಕಸಬ್‌ನ ವಿಷಯದಲ್ಲಿ ನಿಕಂ ಚೆನ್ನಾಗಿ ವಾದಿಸಿದರು, ಅನ್ಸಾರಿಯ ವಿಷಯದಲ್ಲಿ ಕೆಟ್ಟದಾಗಿ ವಾದಿಸಿದರು ಎನ್ನಲಾದೀತೇ? ಒಂದು ಕಡೆ ರೈಲು ನಿಲ್ದಾಣದಲ್ಲಿ ಬಂದೂಕು ಹಿಡಿದು ನಿಂತವನ ಛಾಯಾಚಿತ್ರಗಳಿದ್ದವು, ಇನ್ನೊಂದು ಕಡೆ ಕಲೆಯಿಲ್ಲದ ಕಾಗದವಿತ್ತು. ಫಲಿತಾಂಶ ಪುರಾವೆಯ ಜಾಡು ಹಿಡಿದು ಹೋಯಿತು. ಹಾಗೆಯೇ ಹೋಗಬೇಕು ಕೂಡ.

ಗಲ್ಲಿನ ಎಣಿಕೆಯನ್ನಂತೂ ಯಾವ ಮೆಟ್ಟಿಲಲ್ಲಿ ನಿಂತು ಮಾಡುತ್ತೀರಿ? 1993ರ ಸ್ಫೋಟಗಳ ಕೇಸಿನಲ್ಲಿ ಟಾಡಾ (ಆಗಿನ ಭಯೋತ್ಪಾದನಾ ತಡೆ ಕಾಯ್ದೆ) ನ್ಯಾಯಾಲಯ 12 ಮಂದಿಗೆ ಗಲ್ಲು ವಿಧಿಸಿತು. ಅವರಲ್ಲಿ ಒಬ್ಬರು ತೀರಿಕೊಂಡರು. ಉಳಿದ 11ರಲ್ಲಿ 10 ಗಲ್ಲುಗಳನ್ನು 2013ರ ಮಾರ್ಚ್ 21ರಂದು ಸುಪ್ರೀಂ ಕೋರ್ಟ್ ಜೀವಾವಧಿಗೆ ಇಳಿಸಿತು. ಉಳಿದದ್ದು ಯಾಕೂಬ್ ಮೆಮನ್‌ದೊಂದೇ. ತೀರ್ಪಿನ ದಿನ 12, ಕೊನೆಗೆ 1. ಪತ್ರಿಕೆಯ ತಲೆಬರಹಕ್ಕೆ 12 ಚೆಂದ, ಅಷ್ಟೇ.

ಮೇಲ್ಮನವಿಯಲ್ಲಿ ಉಳಿದದ್ದನ್ನು ಎಣಿಸಿ ಎಂದು ಪರ ವಾದಿಸುವವರು ಹೇಳುತ್ತಾರೆ. ಒಪ್ಪಬಹುದಾದ ಮಾತು. ಹಾಗಿದ್ದರೆ ತಮಿಳುನಾಡಿನಿಂದ ಕರ್ನಾಟಕಕ್ಕೆ ವರ್ಗವಾಗಿ ಬೆಂಗಳೂರಿನಲ್ಲೇ ನಡೆದ ಜಯಲಲಿತಾ ಅಕ್ರಮ ಆಸ್ತಿ ಪ್ರಕರಣವನ್ನು ಬಿ.ವಿ. ಆಚಾರ್ಯರ ಖಾತೆಗೆ ಹೇಗೆ ಬರೆಯುತ್ತೀರಿ, ಹೇಳಿ. ಐದು ಸಲ ಅಡ್ವೊಕೇಟ್ ಜನರಲ್ ಆಗಿದ್ದ ಅವರು ವರ್ಷಗಟ್ಟಲೆ ಆ ಕೇಸು ನಡೆಸಿ 2012ರಲ್ಲಿ ವಿಶೇಷ ಅಭಿಯೋಜಕರ ಹೊಣೆ ಬಿಟ್ಟರು. 2014ರ ಸೆಪ್ಟೆಂಬರ್ 27ರಂದು ಶಿಕ್ಷೆಯಾದಾಗ ಅಭಿಯೋಜಕರಾಗಿದ್ದವರು ಭವಾನಿ ಸಿಂಗ್. ಹೈಕೋರ್ಟಿನ ಮೇಲ್ಮನವಿಯಲ್ಲಿ ಭವಾನಿ ಸಿಂಗ್ ಅವರನ್ನು ತಮಿಳುನಾಡು ಸರ್ಕಾರ ನೇಮಿಸಿದ್ದು ಕಾನೂನುಬಾಹಿರ ಎಂದು 2015ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಹೇಳಿತು. ಆ ಹೊತ್ತಿಗೆ ವಾದ ಮುಗಿದು ತೀರ್ಪು ಬರುವುದಷ್ಟೇ ಬಾಕಿ. ಕರ್ನಾಟಕಕ್ಕೆ ಸಿಕ್ಕಿದ್ದು ಲಿಖಿತ ವಾದ ಸಲ್ಲಿಸುವ ಅವಕಾಶ ಮಾತ್ರ. ಆಚಾರ್ಯರು ಅದನ್ನು ಮರುದಿನವೇ ಸಲ್ಲಿಸಿದರು. ಮೇ 11ರಂದು ಎಲ್ಲರೂ ಖುಲಾಸೆ.

ಆ ಖುಲಾಸೆ ನಿಂತದ್ದು ಒಂದು ಕೂಡುವ ಲೆಕ್ಕದ ಮೇಲೆ. ಸಾಲಗಳ ಪಟ್ಟಿಯಲ್ಲಿದ್ದ ಮೊತ್ತಗಳನ್ನು ಕೂಡಿದರೆ ಸುಮಾರು 10.67 ಕೋಟಿ ಬರುತ್ತದೆ; ತೀರ್ಪಿನಲ್ಲಿ 24.17 ಕೋಟಿ ಎಂದಿತ್ತು. ಸಾಲ ದೊಡ್ಡದಾದಷ್ಟೂ ವಿವರಣೆಯಿಲ್ಲದ ಆಸ್ತಿ ಚಿಕ್ಕದಾಗುತ್ತದೆ. ಹಾಗಾಗಿ ಆದಾಯಕ್ಕೆ ಹೋಲಿಸಿದರೆ ಅಕ್ರಮ ಆಸ್ತಿಯ ಪ್ರಮಾಣ ಶೇ 8.12 ಎಂದು ಬಂತು. ಶೇ 10ರೊಳಗಿದ್ದರೆ ಬಿಡಬಹುದೆಂಬ ಹಳೆಯ ತೀರ್ಪಿನ ಆಸರೆ ಸಿಕ್ಕಿತು. ಸರಿಯಾಗಿ ಕೂಡಿದ್ದರೆ ಅದು ಶೇ 76ನ್ನು ದಾಟುತ್ತಿತ್ತು. ಕರ್ನಾಟಕ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ವಾದಿಸಿದವರಲ್ಲಿ ಆಚಾರ್ಯರೂ ಇದ್ದರು. 2017ರ ಫೆಬ್ರುವರಿ 14ರಂದು ವಿಚಾರಣಾ ನ್ಯಾಯಾಲಯದ ತೀರ್ಪು ಮರಳಿ ನಿಂತಿತು. ಜಯಲಲಿತಾ ಅಷ್ಟರಲ್ಲಿ ತೀರಿಕೊಂಡಿದ್ದರಿಂದ ಅವರ ಮಟ್ಟಿಗೆ ಮೇಲ್ಮನವಿ ಮುಗಿದುಹೋಗಿತ್ತು. ಉಳಿದ ಮೂವರು ಜೈಲಿಗೆ ಹೋದರು. ಈಗ ಕಾಲಂ ತುಂಬಿ: ಇದು ಗೆಲುವೇ, ಸೋಲೇ, ಯಾರ ಗೆಲುವು? 2015ರಲ್ಲಿ ಪಟ್ಟಿ ಮುಚ್ಚಿದ್ದರೆ ಏನೆಂದು ಬರೆಯುತ್ತಿದ್ದಿರಿ?

ವಿಶೇಷ ಅಭಿಯೋಜಕರ ಅಂಕಿ ಏರಿಯೇ ಇರುತ್ತದೆ, ಅದಕ್ಕೆ ಕಾರಣ ಸರಳ. ಅವರಿಗೆ ಬರುವ ಕೇಸಿಗೆ ಹಿರಿಯ ಅಧಿಕಾರಿಗಳ ತನಿಖಾ ತಂಡ, ಸಾಕ್ಷಿಗಳಿಗೆ ಭದ್ರತೆ, ಎಫ್‌ಎಸ್‌ಎಲ್‌ನಲ್ಲಿ ಆದ್ಯತೆ, ದಿನಂಪ್ರತಿ ವಿಚಾರಣೆ ಎಲ್ಲವೂ ಸಿಗುತ್ತದೆ. ಜಿಲ್ಲೆಯ ಸೆಷನ್ಸ್ ಕೋರ್ಟಿನ ಪಿ.ಪಿ. ಬೆಳಗ್ಗೆ ಹತ್ತೂವರೆಗೆ ಕೈಗೆ ಬಂದ ಕಡತವನ್ನು ಹನ್ನೊಂದಕ್ಕೆ ನಡೆಸಬೇಕು. ಸಾಕ್ಷಿ ಸಮನ್ಸ್ ಪಡೆದು ಬಂದಿದ್ದಾನೋ ಇಲ್ಲವೋ ಎಂಬುದೂ ಆಗಲೇ ಗೊತ್ತಾಗುವುದು. ನಡುವೆ ಜಾಮೀನು ಅರ್ಜಿಗೆ ತಕರಾರು ಬರೆಯುವುದು ಬಾಕಿ. ಇಬ್ಬರನ್ನೂ ಒಂದೇ ಕೋಷ್ಟಕದಲ್ಲಿ ಕೂರಿಸುವುದು ಗದ್ದೆಯ ಎತ್ತನ್ನೂ ಜಾತ್ರೆಯ ಎತ್ತನ್ನೂ ಒಂದೇ ಓಟಕ್ಕೆ ಕಟ್ಟಿದಂತೆ.

ಇದಕ್ಕಿಂತ ದೊಡ್ಡ ಭಯ, ಎಣಿಕೆ ಶುರುವಾದ ಮೇಲೆ ವಕೀಲರು ಮಾಡುವ ಕೆಲಸವೇ ಬದಲಾಗುತ್ತದೆ ಎಂಬುದು. ಹೇಗಾದರೂ ಮಾಡಿ ಶಿಕ್ಷೆ ಕೊಡಿಸುವ ದಾಹ ಪಬ್ಲಿಕ್ ಪ್ರಾಸಿಕ್ಯೂಟರಿಗೆ ಇರಬಾರದು, ಆರೋಪಿಗೆ ಅನುಕೂಲವಾಗುವ ಸಂಗತಿಯನ್ನೂ ನ್ಯಾಯಾಲಯದ ಮುಂದಿಡಬೇಕು ಎಂದು 1999ರಲ್ಲೇ ಶಿವಕುಮಾರ್ ವಿರುದ್ಧ ಹುಕುಂ ಚಂದ್ ತೀರ್ಪು ಹೇಳಿದೆ. ಗುಂಪಿನ ಕೊಲೆಯಲ್ಲಿ ಹನ್ನೆರಡು ಆರೋಪಿಗಳಿದ್ದು, ಗಾಯಾಳು ಸಾಕ್ಷಿ ಐವರನ್ನಷ್ಟೇ ಗುರುತಿಸಿದ ಎಂದಿಟ್ಟುಕೊಳ್ಳಿ. ನೇರ ನಡೆಯ ಪಿ.ಪಿ. ಉಳಿದ ಏಳು ಮಂದಿಯ ವಿಷಯದಲ್ಲಿ ‘ಪುರಾವೆ ಇಲ್ಲ ಸ್ವಾಮಿ’ ಎಂದು ತಾವೇ ಹೇಳಬೇಕು. ಎಣಿಕೆಯ ಹಂಗಿನಲ್ಲಿರುವವರು ಬಾಯಿ ಬಿಡುವುದಿಲ್ಲ. ಪ್ರತಿಕೂಲ ಹೇಳಬಹುದಾದ ಸಾಕ್ಷಿಯನ್ನು ಕರೆಸದೆ ಕೈಬಿಡುತ್ತಾರೆ. ಆರೋಪಿಯ ಹೇಳಿಕೆ ಪಡೆಯುವ 351ನೇ ಕಲಂನಡಿ ಪ್ರಶ್ನಾವಳಿ ಸಿದ್ಧಪಡಿಸಲು ನ್ಯಾಯಾಲಯ ಅಭಿಯೋಜಕರ ನೆರವು ಪಡೆಯಬಹುದು. ಅಲ್ಲಿ ಹತ್ತು ಸಂಗತಿಗಳನ್ನು ಒಂದೇ ಉದ್ದನೆಯ ಪ್ರಶ್ನೆಗೆ ತುರುಕಿ ‘ಸುಳ್ಳು’ ಎಂಬ ಒಂದೇ ಉತ್ತರ ಪಡೆದು ಮುಂದೆ ಸಾಗುತ್ತಾರೆ. ಇವು ಶಿಕ್ಷೆ ತರಬಹುದು. ಆದರೆ ಆರೋಪಿಯ ಮುಂದೆ ಸರಿಯಾಗಿ ಇಡದ ಸಂಗತಿಯನ್ನು ಅವನ ವಿರುದ್ಧ ಬಳಸುವಂತಿಲ್ಲವೆಂದು ಹೈಕೋರ್ಟಿನಲ್ಲಿ ಎಷ್ಟೋ ಕೇಸುಗಳು ಬಿದ್ದಿವೆ.

ಖ್ಯಾತಿಯೂ ದಾಖಲೆಯೊಳಗೆ ನುಸುಳಿಬಿಡುತ್ತದೆ. ಕಸಬ್ ಬಿರಿಯಾನಿ ಕೇಳಿದ ಎಂದು ದೇಶವೆಲ್ಲ ಮಾತಾಡಿತು. ಅದು ತಾನೇ ಕಟ್ಟಿದ ಮಾತು, ಅವನ ಪರ ಅನುಕಂಪ ಹುಟ್ಟದಿರಲಿ ಎಂದು ಹೇಳಿದ್ದು ಎಂದು 2015ರಲ್ಲಿ ನಿಕಂ ಅವರೇ ಬಹಿರಂಗವಾಗಿ ಹೇಳಿದರು. ಶಿಕ್ಷೆಯ ಪಟ್ಟಿಯಲ್ಲಿ ಇದಕ್ಕೆ ಕಾಲಂ ಇಲ್ಲ.

ಖುಲಾಸೆಗಳನ್ನು ಪರಿಶೀಲಿಸಲು ನಮ್ಮ ತಕರಾರಿಲ್ಲ. ಕಿಶನ್‌ಭಾಯ್ ತೀರ್ಪು ಕೇಳಿದ್ದು ಪ್ರತಿ ಕೇಸನ್ನು ಓದಿ ಲೋಪ ಹುಡುಕಿ ಎಂದು; ವಕೀಲರಿಗೆ ರನ್ ಸರಾಸರಿ ಕಟ್ಟಿ ಎಂದಲ್ಲ. ನೇಮಕದ ಕಡತಕ್ಕೆ ಏನಾದರೂ ಲಗತ್ತಿಸಲೇಬೇಕೆಂದರೆ ಆ ವಕೀಲರು ನಡೆಸಿದ ಮೂರು ಸಾಕ್ಷಿಗಳ ಹೇಳಿಕೆಯ ದೃಢೀಕೃತ ನಕಲು ಲಗತ್ತಿಸಿ: ಒಬ್ಬ ತನಿಖಾಧಿಕಾರಿ, ಮರಣೋತ್ತರ ಪರೀಕ್ಷೆ ಮಾಡಿದ ಒಬ್ಬ ವೈದ್ಯ, ತಿರುಗಿಬಿದ್ದ ಒಬ್ಬ ಮಹಜರು ಸಾಕ್ಷಿ. ಮೂರೂ ಸೇರಿ ನಲವತ್ತು ಪುಟ ಆದೀತು. ಆಯ್ಕೆ ಮಾಡುವವರು ಒಂದು ಮಧ್ಯಾಹ್ನ ಕೂತು ಓದಲಿ.