ಒಡ್ಡಿಗೆ ಕಲ್ಲು ಹೊದಿಸುವ ಮೊದಲು ಮಣ್ಣಿನ ಮಟ್ಟ ನೋಡಿ

ಕಡಲಿಗೆ ಅಡ್ಡ ಕಟ್ಟಿದ ಒಡ್ಡನ್ನು ಬೇಕೆಂದೇ ಒಡೆಯುತ್ತಾರೆ ಎಂದರೆ ನಮ್ಮ ಕುಮಟಾ ಕಡೆಯವರು ಹೌಹಾರುತ್ತಾರೆ. ಇಲ್ಲಿ ಇಂಗ್ಲೆಂಡಿನ ಎಸ್ಸೆಕ್ಸ್ ಕರಾವಳಿಯಲ್ಲಿ ಅದೇ ನಡೆದಿದೆ. 1995ರಲ್ಲಿ ಟಾಲ್ಸ್‌ಬರಿಯಲ್ಲಿ ಒಡ್ಡು ಕಡಿದು 21 ಹೆಕ್ಟೇರ್ ಹೊಲವನ್ನು ಭರತದ (ಉಬ್ಬರದ) ನೀರಿಗೆ ಬಿಟ್ಟರು. ಕಾರಣ ಇಷ್ಟು: ಕಡಲು ಏರಿದಂತೆ ಉಪ್ಪುಜವುಗಿನ ಗಿಡಗಳು ಎತ್ತರದ ನೆಲಕ್ಕೆ ಸರಿಯಬೇಕು. ಬೆನ್ನಿಗೆ ಒಡ್ಡಿದ್ದರೆ ಸರಿಯಲು ಜಾಗವಿಲ್ಲ, ಮುಂದಿನ ಅಂಚನ್ನು ಅಲೆ ಕೊರೆಯುತ್ತದೆ.

ಗಿಡಗಳು ಸುಮ್ಮನೆ ಮುಳುಗುವುದಿಲ್ಲ. ಕಾಂಡಗಳು ನೀರಿನ ಓಟ ತಗ್ಗಿಸಿ ಹೂಳು ಕೂರಿಸುತ್ತವೆ, ಬೇರುಗಳು ನೆಲವನ್ನು ಉಬ್ಬಿಸುತ್ತವೆ. ಆದರೆ ಕಡಲು ವರ್ಷಕ್ಕೆ 4 ಮಿ.ಮೀ. ಮೀರಿ ಏರಿದರೆ ನಮ್ಮ ಕಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡೂ ಹಿಂದೆ ಬೀಳುವ ಸಂಭವ ಹೆಚ್ಚು, 7 ದಾಟಿದರೆ ಬಹುತೇಕ ಖಚಿತ. 2006ರಿಂದ 2018ರವರೆಗಿನ ಜಾಗತಿಕ ಸರಾಸರಿ ಏರಿಕೆಯೇ ವರ್ಷಕ್ಕೆ 3.7 ಮಿ.ಮೀ.

ಒಡ್ಡು ಒಡೆದರೆ ಜವುಗು ತಾನಾಗಿ ಬರುತ್ತದೆ ಎನ್ನುವುದೂ ತಪ್ಪು. ನೀರು ಬಸಿದು ಉತ್ತ ಹೊಲ ಕುಸಿದು ತಗ್ಗಾಗಿರುತ್ತದೆ. ಅಲ್ಲಿ ಬಹುಕಾಲ ಬರೀ ಕೆಸರು. ಸ್ವಲ್ಪ ಮೇಲೆ ಸ್ಯಾಲಿಕೋರ್ನಿಯಾ ಎಂಬ ಉಪ್ಪುಜವುಗಿನ ಗಿಡ ಬೇಗ ಹಿಡಿಯುತ್ತದೆ. ನೀರು ಬಸಿಯುವ ದಂಡೆ ಬೇಕಾದ ಸೀ ಪರ್ಸ್‌ಲೇನ್ ಪೊದೆ ಮಾತ್ರ ವರ್ಷಗಳಾದರೂ ವಿರಳ, ಏಕೆಂದರೆ ಗಟ್ಟಿಯಾದ ಹೊಲದ ಮಣ್ಣಿನಲ್ಲಿ ನೀರು ನಿಂತು ಬೇರಿಗೆ ಗಾಳಿಯಿಲ್ಲ. ಅದಕ್ಕೇ ಎಸ್ಸೆಕ್ಸ್‌ನದೇ ವಾಲಸೀ ದ್ವೀಪದಲ್ಲಿ ಲಂಡನ್ ರೈಲು ಸುರಂಗದ 30 ಲಕ್ಷ ಟನ್ನಿಗೂ ಹೆಚ್ಚು ಮಣ್ಣು ತಂದು, ಮಟ್ಟ ಎತ್ತಿ, ಆಮೇಲೆ 2015ರಲ್ಲಿ ಒಡ್ಡು ಒಡೆದರು.

ನಮ್ಮ ಕುಮಟಾದ ಅಘನಾಶಿನಿ ಹೊಳೆಯ ಅಳಿವೆಯಲ್ಲಿ ಹೀಗೆ ಮಾಡಿ ಎನ್ನಲಾರೆ. ಅಲ್ಲಿನ ಗಜನಿ, ಅಂದರೆ ಒಡ್ಡು ಕಟ್ಟಿದ ಉಪ್ಪುನೀರಿನ ಗದ್ದೆ, ಅನ್ನದ ಭೂಮಿ. ಮಳೆ ಉಪ್ಪು ತೊಳೆದ ಮೇಲೆ ಉಪ್ಪು ತಾಳುವ ಕಗ್ಗ ಭತ್ತ ಬಿತ್ತಿ, ಕೊಯ್ಲಿನ ನಂತರ ತೂಬು ತೆರೆದು ಭರತವನ್ನು ಒಳಗೆ ಬಿಡುವ ಪದ್ಧತಿ ನಮ್ಮದು. ಸಿಗಡಿ, ಮೀನಿನ ಜೊತೆ ಹೂಳೂ ಬರುತ್ತದೆ. ಇಲ್ಲಿಯವರು ಹಡಗಿನಲ್ಲಿ ತರಿಸಿದ ಮಣ್ಣನ್ನು ಅಲ್ಲಿ ಹೊಳೆಯೇ ತಂದುಕೊಡುತ್ತದೆ. ಒಡ್ಡಿಗೆ ಕಲ್ಲು ಕಟ್ಟುವುದಾದರೂ ಆ ತೂಬಿನ ಆಟ ನಿಲ್ಲಬಾರದು.

ಕಾಂಡ್ಲಾ ನೆಡುವಲ್ಲೂ ಮಟ್ಟವೇ ಮುಖ್ಯ. ಖಾಲಿ ಕಂಡ ತಗ್ಗು ಕೆಸರಿನಲ್ಲಿ ಸಾಲಾಗಿ ಊರಿದ ಸಸಿ ಹೊತ್ತುಗಟ್ಟಲೆ ಮುಳುಗಿ, ಚಿಪ್ಪುಜೀವಿ ಅಂಟಿ, ಬಾಗಿ ಸಾಯುತ್ತದೆ. ಹತ್ತಿರದಲ್ಲಿ ತಾನಾಗಿ ಬೆಳೆದ ಕಾಂಡ್ಲಾದ ಅತಿ ಕೆಳಗಿನ ಬುಡಕ್ಕೊಂದು ಗೂಟ ಹೊಡೆಯಿರಿ. ಗಾರೆ ಕೆಲಸದವರ ನೀರು ತುಂಬಿದ ಪಾರದರ್ಶಕ ಪೈಪಿನಿಂದ ಅದೇ ಮಟ್ಟವನ್ನು ನೆಡುವ ಜಾಗಕ್ಕೆ ಒಯ್ಯಿರಿ. ಅದಕ್ಕಿಂತ ಕೆಳಗೆ ಒಂದು ಸಸಿಯನ್ನೂ ನೆಡಬೇಡಿ.