ಮರಕ್ಕೆ ತಗುಲಿದ ಸಹವಾಸದೋಷ

ನೀಲಗಿರಿಯ ಒಂದು ಎಲೆಯನ್ನು ಬೆಳಕಿಗೆ ಹಿಡಿದರೆ ಅದರ ತುಂಬ ಸೂಕ್ಷ್ಮವಾದ ಚುಕ್ಕೆಗಳು ಕಾಣುತ್ತವೆ. ಅವೆಲ್ಲ ಎಣ್ಣೆಯ ಗ್ರಂಥಿಗಳು; ಎಲೆಯನ್ನು ಹಿಸುಕಿದಾಗ ಮೂಗಿಗೆ ಅಡರುವ ಘಾಟು ಹೊರಡುವುದು ಅಲ್ಲಿಂದಲೇ. ಹಿಸುಕದಿದ್ದರೂ ಆ ಎಣ್ಣೆ ಬಿಸಿಲಿಗೆ ಒಂದಿಷ್ಟಿಷ್ಟೇ ಆವಿಯಾಗಿ ಗಾಳಿಗೆ ಸೇರುತ್ತಿರುತ್ತದೆ. ಮರಗಳು ಗಾಳಿಯನ್ನು ಶುದ್ಧಗೊಳಿಸುತ್ತವೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಾವು, ಅವು ಗಾಳಿಗೆ ಬೇರೇನನ್ನು ಬಿಡುತ್ತವೆ ಎಂದು ಕೇಳಿದ್ದು ಕಡಿಮೆ.

ಪೈನ್ ಮರದ ಪೈನೀನ್, ನಿಂಬೆಯ ಲಿಮೋನೀನ್, ಆಗತಾನೆ ಕತ್ತರಿಸಿದ ಹುಲ್ಲಿನ ಹಸಿವಾಸನೆ, ಇವು ಮೂಗಿಗೆ ಪರಿಚಿತ. ಆದರೆ ಪ್ರಮಾಣದಲ್ಲಿ ಇವೆಲ್ಲವನ್ನೂ ಮೀರಿಸುವ ಐಸೊಪ್ರೀನ್ ಎಂಬ ಆವಿ ಕಾಡಿನ ನಡುವೆ ನಿಂತವರಿಗೂ ಗೊತ್ತಾಗುವುದಿಲ್ಲ. ಜಗತ್ತಿನ ಗಿಡಮರಗಳು ವರ್ಷಕ್ಕೆ ಸುಮಾರು 50 ಕೋಟಿ ಟನ್ ಐಸೊಪ್ರೀನನ್ನು ಗಾಳಿಗೆ ಬಿಡುತ್ತವೆ. ಎಲೆ ಇದನ್ನು ಕೂಡಿಟ್ಟುಕೊಳ್ಳುವುದಿಲ್ಲ. ಬೆಳಕಿದ್ದಾಗ ತಯಾರಿಸಿ ಆಗಲೇ ಬಿಟ್ಟುಬಿಡುತ್ತದೆ, ಕತ್ತಲಾದರೆ ನಿಲ್ಲಿಸುತ್ತದೆ. ಕಷ್ಟಪಟ್ಟು ಗಳಿಸಿದ ಇಂಗಾಲವನ್ನು ಹೀಗೆ ತೂರಿಬಿಡುವುದೇಕೆ ಎಂದರೆ, ಏಕಾಏಕಿ ಏರುವ ತಾಪವನ್ನು ತಾಳಿಕೊಳ್ಳಲು ಇದು ಎಲೆಗೆ ನೆರವಾಗುತ್ತದೆ ಎನ್ನುತ್ತಾರೆ ಸಸ್ಯವಿಜ್ಞಾನಿಗಳು.

ದೂರದ ಬೆಟ್ಟಗಳ ಮೇಲಿನ ನೀಲಿ ಮಬ್ಬಿಗೆ ಇಂಥ ಆವಿಗಳೇ ಕಾರಣ ಎಂದು ಸಸ್ಯವಿಜ್ಞಾನಿ ಫ್ರಿಟ್ಸ್ ವೆಂಟ್ 1960ರಲ್ಲಿ ವಾದಿಸಿದರು. ಆವಿಗಳು ಗಾಳಿಯಲ್ಲಿ ಉತ್ಕರ್ಷಣಗೊಂಡು ಅತಿಸಣ್ಣ ಕಣಗಳಾಗುತ್ತವೆ, ಆ ಕಣಗಳು ನೀಲಿ ಬೆಳಕನ್ನು ಹೆಚ್ಚಾಗಿ ಚದುರಿಸುತ್ತವೆ. ಅಲ್ಲಿಯವರೆಗೆ ಇದು ನೋಟದ ಸೊಗಸಷ್ಟೇ. ತಕರಾರು ಹುಟ್ಟುವುದು ಓಜೋನಿನಿಂದ. ಎಂಜಿನ್ನುಗಳೂ ವಿದ್ಯುತ್ ಸ್ಥಾವರಗಳೂ ಉಗುಳುವ ನೈಟ್ರೋಜನ್ ಆಕ್ಸೈಡುಗಳೊಂದಿಗೆ ಐಸೊಪ್ರೀನ್ ಬಿಸಿಲಿನಲ್ಲಿ ಕಲೆತರೆ, ಶ್ವಾಸಕೋಶವನ್ನು ಕೆರಳಿಸುವ ಓಜೋನ್ ನೆಲಮಟ್ಟದಲ್ಲೇ ತಯಾರಾಗುತ್ತದೆ. ಆ ಆಕ್ಸೈಡುಗಳು ತೀರಾ ವಿರಳವಾಗಿರುವ ದೂರದ ಕಾಡುಗಳ ಮೇಲಾದರೋ ಇದೇ ಐಸೊಪ್ರೀನ್ ಓಜೋನನ್ನು ಒಂದಿಷ್ಟು ಕಬಳಿಸುವುದೂ ಉಂಟು. ಆದ್ದರಿಂದ ಮರದ್ದು ಹೆಚ್ಚೆಂದರೆ ಸಹವಾಸದೋಷ ಎಂದು ನನ್ನ ತೀರ್ಪು.

ಈ ಅರ್ಧಸತ್ಯವನ್ನು ಹಿಡಿದು, ಅಮೆರಿಕದ ಅಧ್ಯಕ್ಷ ಚುನಾವಣೆಗೆ ನಿಂತಿದ್ದ ರೊನಾಲ್ಡ್ ರೇಗನ್ 1980ರಲ್ಲಿ ವಾಯುಮಾಲಿನ್ಯದ ದೊಡ್ಡ ಪಾಲನ್ನು ಗಿಡಮರಗಳ ತಲೆಗೇ ಕಟ್ಟಿದರು. ಅವರು ಭಾಷಣಕ್ಕೆ ಹೋದಲ್ಲಿ ವಿದ್ಯಾರ್ಥಿಗಳು, ಮತ್ತೊಂದು ಕೊಲೆ ಮಾಡುವ ಮೊದಲೇ ನನ್ನನ್ನು ಕಡಿದುಬಿಡಿ ಎಂಬ ಫಲಕವನ್ನು ಮರಕ್ಕೇ ತೂಗುಹಾಕಿದ್ದರು. ನಗು ಸರಿಯೇ, ಆದರೆ ನಕ್ಕು ಸುಮ್ಮನಾಗುವಂತಿರಲಿಲ್ಲ: 1988ರಲ್ಲಿ ಅಟ್ಲಾಂಟಾ ನಗರದ ಗಾಳಿಯ ಲೆಕ್ಕ ಹಾಕಿದ ವಿಜ್ಞಾನಿಗಳು, ಮರಗಳ ಆವಿಯನ್ನು ಕಡೆಗಣಿಸಿ ಬರೀ ಪೆಟ್ರೋಲಿನ ಆವಿಯನ್ನು ತಗ್ಗಿಸಲು ಹೊರಟರೆ ಓಜೋನ್ ನಿರೀಕ್ಷಿಸಿದಷ್ಟು ಇಳಿಯದೆಂದೂ, ನೈಟ್ರೋಜನ್ ಆಕ್ಸೈಡುಗಳ ಮೇಲೆಯೇ ಕೈಯಿಡಬೇಕಾದೀತೆಂದೂ ತೋರಿಸಿದರು.

ಬಿಸಿಲು ಏರಿದಂತೆ ಎಲೆಗಳ ಈ ವಿಸರ್ಜನೆಯೂ ಏರುವುದರಿಂದ, ಓಜೋನ್ ಮೊದಲೇ ಹೆಚ್ಚಿರುವ ದಿನಗಳಲ್ಲೇ ಮರಗಳೂ ಧಾರಾಳಿಗಳಾಗುತ್ತವೆ. ಬೀದಿಬದಿಗೆ ಸಸಿ ಆರಿಸುವವರು ನೆರಳನ್ನೂ ಬೇರಿನ ಹರಹನ್ನೂ ನೋಡುವ ಜೊತೆಗೆ ಇದನ್ನೂ ಗಮನಿಸಿದರೆ ಒಳಿತು. ವಾಹನಗಳು ಕಿಕ್ಕಿರಿದ ರಸ್ತೆಗೆ ಓಕ್, ಪಾಪ್ಲರುಗಳ ಸಾಲಿಗಿಂತ ಐಸೊಪ್ರೀನನ್ನು ಹೆಚ್ಚು ಬಿಡದ ಮೇಪಲ್ ವಾಸಿ. ಇದ್ದ ಮರವನ್ನು ಕಡಿಯಲು ಮಾತ್ರ ಇದು ನೆಪವಾಗದಿರಲಿ, ಏಕೆಂದರೆ ನೆರಳು ಹೋದ ರಸ್ತೆ ಇನ್ನಷ್ಟು ಕಾಯುತ್ತದೆ, ಉಳಿದ ಮರಗಳು ಆ ಕಾವಿಗೆ ಇನ್ನಷ್ಟು ಐಸೊಪ್ರೀನ್ ಬಿಡುತ್ತವೆ.