ಘಾಟಿಗೊಂದು ನಿಮಿಷ, ಮೇಲೆ ನಾಲ್ಕು ಸೆಕೆಂಡು

ಕಾಶಿಯಲ್ಲಿ ಗಂಗೆಯ ದಡದುದ್ದಕ್ಕೂ ಎಂಬತ್ತನಾಲ್ಕು ಘಾಟ್‌ಗಳಿವೆ. ದೋಣಿ ವಿಹಾರದ ಅವಧಿ ಒಂದೂವರೆ ಗಂಟೆ. ಭಾಗಿಸಿ ನೋಡಿದರೆ ಘಾಟ್ ಒಂದರ ಪಾಲಿಗೆ ಒಂದು ನಿಮಿಷ ನಾಲ್ಕು ಸೆಕೆಂಡು ಬರುತ್ತದೆ. ‘ಇನ್ನಿಬ್ಬರು ಬರಲಿ, ಹೊರಟೇಬಿಡೋಣ’ ಎಂದು ಅಂಬಿಗ ಕಾಯಿಸುವ ಹೊತ್ತನ್ನಾಗಲಿ, ಲೈಫ್ ಜಾಕೆಟ್ ತೊಟ್ಟು ಫೋಟೊ ತೆಗೆಸಿಕೊಂಡು ಕೂಡಲೇ ಕಳಚುವ ಹೊತ್ತನ್ನಾಗಲಿ ಈ ಲೆಕ್ಕದಲ್ಲಿ ಹಿಡಿದಿಲ್ಲ. ಹಳೆಯ ರಾಜಮನೆತನಗಳು ಬೊಕ್ಕಸ ಬರಿದು ಮಾಡಿಕೊಂಡು ಕಟ್ಟಿಸಿದ ಮೆಟ್ಟಿಲುಗಳಿಗೆ ನಾವು ಇಷ್ಟು ಉದಾರವಾಗಿ ಸಮಯ ಕೊಡುತ್ತೇವೆಂದು ತಿಳಿದಿದ್ದರೆ ಅವರು ಇನ್ನೂ ಎರಡು ಮೆಟ್ಟಿಲು ಕಡಿಮೆ ಕಟ್ಟಿಸುತ್ತಿದ್ದರೇನೋ. 1830ರಲ್ಲಿ ಕಟ್ಟಿದ ಸಿಂಧಿಯಾ ಘಾಟ್ ಪ್ರವಾಸಿಗರು ಬರುವವರೆಗೂ ಕಾಯಲಿಲ್ಲ, ತನ್ನ ಭಾರಕ್ಕೆ ತಾನೇ ಕುಸಿಯಿತು. ಅಲ್ಲೇ ರತ್ನೇಶ್ವರನ ಗುಡಿ ನೀರಿಗೆ ವಾಲಿಕೊಂಡು ನಿಂತಿದೆ. ಅದು ಪೀಸಾದ ಗೋಪುರಕ್ಕಿಂತ ಹೆಚ್ಚು ವಾಲಿದೆ ಎಂದು ಅಂಬಿಗ ಹೇಳುವುದೇ ತಡ, ದೋಣಿಯಲ್ಲಿದ್ದ ಇಪ್ಪತ್ತು ಮಂದಿಯೂ ಒಂದೇ ಬದಿಗೆ ಧಾವಿಸುತ್ತಾರೆ. ಆಗ ಗುಡಿ ನೆಟ್ಟಗಿರುತ್ತದೆ, ದೋಣಿ ವಾಲಿರುತ್ತದೆ.

ನಾವು ಕನ್ನಡಿಗರು ಈ ವಿಷಯದಲ್ಲಿ ಹಿಂದೆ ಬಿದ್ದವರಲ್ಲ. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಕಾಶಿ ದರ್ಶನದ ವಿಶೇಷ ರೈಲು ಹೊರಟಿತು. ರಾಜ್ಯದ ಯಾತ್ರಿಕರಿಗೆ ಸರ್ಕಾರವೇ 5,000 ರೂಪಾಯಿ ಸಹಾಯಧನ ಕೊಟ್ಟಿತು. ಹಿಂದೆ ಕಾಶಿಗೆ ಹೊರಟವರು ಮನೆಯವರ ಕೈಹಿಡಿದು ‘ಬಂದರೆ ಬಂದೆ, ಇಲ್ಲವಾದರೆ ಇಲ್ಲ’ ಎಂದು ಹೇಳಿ ಹೋಗುತ್ತಿದ್ದರಂತೆ. ಈಗ ಹೋಗುವವರು ಹಿಂದಿರುಗುವ ಟಿಕೆಟ್ ಕಾಯ್ದಿರಿಸಿದ ಮೇಲೆಯೇ ವೈರಾಗ್ಯದ ಮಾತೆತ್ತುತ್ತಾರೆ. ನಮ್ಮ ಮದುವೆಗಳಲ್ಲಂತೂ ವರ ಕೊಡೆ, ಕೋಲು ಹಿಡಿದು ಸಂಸಾರವೇ ಬೇಡವೆಂದು ಕಾಶಿಗೆ ಹೊರಡುತ್ತಾನೆ, ಹೆಣ್ಣಿನ ತಂದೆ ಅಡ್ಡ ಬಂದು ಕರೆತರುತ್ತಾರೆ. ಬೆಳಗಿನ ಅಸ್ಸಿ ಘಾಟ್‌ನಲ್ಲಿ ನಿಂತು ನೋಡಿದರೆ ಆ ತಂದೆಯಂದಿರು ಎಲ್ಲಿಯೋ ಸೋತಿದ್ದಾರೆಂದು ಗೊತ್ತಾಗುತ್ತದೆ. ವರ ಕಾಶಿಗೆ ಬಂದಾಗಿದೆ. ಜೊತೆಗೆ ವಧುವನ್ನೂ, ಇಬ್ಬರು ಛಾಯಾಗ್ರಾಹಕರನ್ನೂ, ಬಾಡಿಗೆಯ ಲೆಹೆಂಗಾವನ್ನೂ ಕರೆತಂದಿದ್ದಾನೆ. ಮದುವೆಗೆ ಮುಂಚಿನ ಚಿತ್ರೀಕರಣಕ್ಕೆ ದೋಣಿಯ ಮೂತಿಯಲ್ಲಿ ಇಬ್ಬರೂ ಕೈಚಾಚಿ ನಿಂತಾಗ, ಹಿಂದೆ ಯಾರದೋ ಪಿಂಡ ಬಿಡುತ್ತಿರುವವರು ಚೌಕಟ್ಟಿನೊಳಗೆ ಬಾರದ ಹಾಗೆ ಸರಿದು ನಿಲ್ಲಬೇಕೆಂದು ವಿನಂತಿಸಲಾಗುತ್ತದೆ.

ದೋಣಿ ಹೊರಡುವ ಅಸ್ಸಿ ಘಾಟ್‌ಗೆ ಹೆಸರು ಕೊಟ್ಟ ಅಸ್ಸಿ ನದಿ ಈಗ ನಾಲಾ ಆಗಿದೆ. ಅದರ ಬಗ್ಗೆ ಅಂಬಿಗನ ವಿವರಣೆಯಲ್ಲಿ ಒಂದು ಅಕ್ಷರವೂ ಬರುವುದಿಲ್ಲ. ವಿವರಣೆಯ ಕ್ರಮವೇ ಬೇರೆ. ಯಾವ ಮೆಟ್ಟಿಲ ಮೇಲೆ ಯಾವ ನಾಯಕ ಯಾವ ನಾಯಕಿಯನ್ನು ಅಟ್ಟಿಸಿಕೊಂಡು ಹೋದ ಎಂಬುದು ಮೊದಲು. ಯಾವ ಮಂತ್ರಿ ಯಾವ ಘಾಟ್‌ನಲ್ಲಿ ಪೊರಕೆ ಹಿಡಿದರು ಎಂಬುದು ಆಮೇಲೆ. ಮಾನಮಂದಿರ ಘಾಟ್‌ನ ಮೇಲೆ ಜೈಪುರದ ರಾಜ ಸವಾಯಿ ಜಯಸಿಂಹ ಕಟ್ಟಿಸಿದ ವೇಧಶಾಲೆ ಇದೆ. ಹದಿನೆಂಟನೆಯ ಶತಮಾನದಲ್ಲಿ ಸೂರ್ಯನ ನೆರಳು ಅಳೆದು ಗಳಿಗೆ ಹೇಳುತ್ತಿದ್ದ ಜಾಗ. ಅದರ ಪಾಲಿನ ಅರವತ್ತನಾಲ್ಕು ಸೆಕೆಂಡು ಮೆಮೊರಿ ಕಾರ್ಡ್ ಬದಲಿಸುವುದರಲ್ಲಿ ಕಳೆದುಹೋಯಿತು. ಅಂಬಿಗನನ್ನು ದೂರುವ ಹಾಗಿಲ್ಲ. ಅವನ ಹಿರಿಯನಾದ ಕೇವಟ ರಾಮನ ಕಾಲು ತೊಳೆದು ಹೊಳೆ ದಾಟಿಸಿ ಕೂಲಿ ಬೇಡವೆಂದ ಕಥೆಯನ್ನು ಅವನು ಭಕ್ತಿಯಿಂದಲೇ ಹೇಳುತ್ತಾನೆ. ಆ ಕಥೆಯನ್ನು ಮಾತ್ರ ಬಾಡಿಗೆ ಪೂರ್ತಿ ವಸೂಲಾದ ಮೇಲೆ ಹೇಳುತ್ತಾನೆ.

ಹನುಮಾನ್ ಘಾಟ್ ದಾಟುವಾಗ ನಮ್ಮವರಲ್ಲಿ ಸಂಚಲನ. ಅಲ್ಲೇ ಹತ್ತಿರದಲ್ಲಿ ಕರ್ನಾಟಕದ ಘಾಟ್ ಇದೆ, ಹಿಂದೆ ಮೈಸೂರು ಘಾಟ್ ಎಂದಿದ್ದದ್ದು. ಒಂದು ಜಯಘೋಷ, ಎರಡು ಸೆಲ್ಫಿ, ಊರಿಗೊಂದು ವಿಡಿಯೊ ಕರೆ. ‘ನಮ್ಮ ಘಾಟ್ ನೋಡಿ!’ ಎಂದು ಆ ಕಡೆಯಿದ್ದವರಿಗೆ ತೋರಿಸುವಷ್ಟರಲ್ಲಿ ಮೊಬೈಲ್‌ನ ಕಣ್ಣಿಗೆ ಪಕ್ಕದ ಘಾಟ್‌ನ ಹೊಗೆ ಬಿದ್ದಿರುತ್ತದೆ.

ಪಕ್ಕದ ಘಾಟ್ ಹರಿಶ್ಚಂದ್ರನದು. ಸತ್ಯಕ್ಕೆ ಕಟ್ಟುಬಿದ್ದು ಸುಡುಗಾಡು ಕಾದವನು, ಮಗನ ಹೆಣ ಹೊತ್ತು ತಂದ ಹೆಂಡತಿಯ ಬಳಿಯೂ ಸುಂಕ ಕೇಳಿದವನು. ಅಂಥವನು ಇಂದು ಕಾವಲಿಗಿದ್ದಿದ್ದರೆ ಹೆಣಕ್ಕೆ ರಿಯಾಯಿತಿ ಕೊಟ್ಟು ಕ್ಯಾಮೆರಾಗಳ ಮೇಲೆ ಸುಂಕ ಹಾಕುತ್ತಿದ್ದ, ಚಂದ್ರಮತಿ ತಾಳಿ ಮಾರುವ ಪ್ರಸಂಗವೇ ಬರುತ್ತಿರಲಿಲ್ಲ. ಮುಂದೆ ಮಣಿಕರ್ಣಿಕಾ. ಅಲ್ಲಿ ಚಿತೆಗಳ ಫೋಟೊ ತೆಗೆಯಬಾರದು. ಅಂಬಿಗ ಇದನ್ನು ಗಂಭೀರವಾಗಿ ಎರಡು ಬಾರಿ ಹೇಳುತ್ತಾನೆ. ಹೇಳಿ ಎಂಜಿನ್ ಆರಿಸುತ್ತಾನೆ. ಇಡೀ ಪ್ರವಾಸದಲ್ಲಿ ಎಂಜಿನ್ ಆರುವುದು ಇಲ್ಲಿ ಮಾತ್ರ! ದೋಣಿ ಅಲುಗದೆ ನಿಂತರೆ ಚಿತ್ರವೂ ಅಲುಗುವುದಿಲ್ಲವಲ್ಲ. ಯಾರೂ ಮೊಬೈಲನ್ನು ಎತ್ತಿ ಹಿಡಿಯುವುದಿಲ್ಲ, ಎಲ್ಲರೂ ಎದೆಯ ಹತ್ತಿರ ಹಿಡಿದು ಆಕಾಶ ನೋಡುತ್ತಾ ಬೆರಳಿನಿಂದ ಜೂಮ್ ಮಾಡುತ್ತಾರೆ. ಅಲ್ಲಿ ಯಾರದೋ ಮನೆಯವರು ನೆತ್ತಿ ಬೋಳಿಸಿಕೊಂಡು ಕಟ್ಟಿಗೆಯ ತೂಕ ನೋಡುತ್ತಿರುತ್ತಾರೆ. ಹೊರಡುವ ಮುನ್ನ ಮಗನ ಕಿವಿಯಲ್ಲಿ ‘ಸರಿಯಾಗಿ ಬಂತೇನೋ?’ ಎಂದು ಕೇಳುವ ತಂದೆ, ‘ಹೊಗೆ ಅಡ್ಡ ಬಂತಪ್ಪ’ ಎಂದು ಪೇಚಾಡುವ ಮಗ.

ನಮ್ಮ ಹಿರಿಯರು ಪುರಾಣ ವೈರಾಗ್ಯ, ಪ್ರಸೂತಿ ವೈರಾಗ್ಯ, ಸ್ಮಶಾನ ವೈರಾಗ್ಯ ಎಂದು ಮೂರನ್ನು ಎಣಿಸಿದ್ದರು. ಮೂರೂ ಬೇಗ ಆರುವಂಥವು ಎಂಬುದು ಅವರ ಗೇಲಿ. ಅವರಿಗೆ ದೋಣಿ ವೈರಾಗ್ಯ ತಿಳಿದಿರಲಿಲ್ಲ. ಉಳಿದ ಮೂರಕ್ಕೆ ಕಡೇಪಕ್ಷ ಪುರಾಣ ಕೇಳಬೇಕು, ಹೆರಬೇಕು, ಹೆಣಕ್ಕೆ ಹೆಗಲು ಕೊಡಬೇಕು. ಇದಕ್ಕೆ ಟಿಕೆಟ್ ಸಾಕು. ‘ಎಲ್ಲರೂ ಒಂದು ದಿನ ಇಲ್ಲಿಗೇ’ ಎಂದು ಒಬ್ಬರು ನಿಟ್ಟುಸಿರು ಬಿಡುತ್ತಾರೆ, ‘ಹೌದು, ಜೀವನ ಇಷ್ಟೇ’ ಎಂದು ಇನ್ನೊಬ್ಬರು ಅನುಮೋದಿಸುತ್ತಾರೆ, ಮೂರನೆಯವರು ಚಕ್ಕುಲಿಯ ಡಬ್ಬಿ ತೆರೆಯುತ್ತಾರೆ.

ಹೆಣದ ಮಾತು ಬಂದ ಮೇಲೆ ಆಮೆಗಳನ್ನು ನೆನೆಯದಿದ್ದರೆ ಕೃತಘ್ನತೆಯಾಗುತ್ತದೆ. 1986ರ ಜೂನ್ 14ರಂದು ಇದೇ ಊರಿನ ರಾಜೇಂದ್ರ ಪ್ರಸಾದ್ ಘಾಟ್‌ನಲ್ಲಿ ರಾಜೀವ್ ಗಾಂಧಿಯವರು ನದಿಯನ್ನು ಶುದ್ಧ ಮಾಡುವ ಗಂಗಾ ಕ್ರಿಯಾ ಯೋಜನೆಗೆ ಚಾಲನೆ ಕೊಟ್ಟರು. ಅರೆಬೆಂದ ಹೆಣಗಳು ತೇಲಿ ಹೋಗುವುದಕ್ಕೆ ಯೋಜನೆ ಕಂಡುಕೊಂಡ ಪರಿಹಾರಗಳಲ್ಲಿ ಒಂದು, ಮಾಂಸ ತಿನ್ನುವ ಆಮೆಗಳು. ಮರಿ ಮಾಡಿಸಿ, ಸಾಕಿ, ನದಿಗೆ ಬಿಟ್ಟರು. 1989ರಲ್ಲಿ ರಾಮನಗರದಿಂದ ಮಾಳವೀಯ ಸೇತುವೆಯವರೆಗಿನ ಏಳು ಕಿಲೋಮೀಟರ್ ನದಿಯನ್ನು ಆಮೆಗಳ ಅಭಯಾರಣ್ಯವೆಂದು ಘೋಷಿಸಿದರು. ಈ ದೇಶದಲ್ಲಿ ಸಂಬಳ, ಭತ್ಯೆ, ಸಂಘ ಯಾವುದೂ ಇಲ್ಲದೆ ಸರ್ಕಾರದ ಕೆಲಸವನ್ನು ನಿಷ್ಠೆಯಿಂದ ನುಂಗಿ ನೀರು ಕುಡಿದವರು ಅವರೊಬ್ಬರೇ. ಮುಂದೆ ಅದೇ ನೀರಿನಲ್ಲಿ, ರಾಷ್ಟ್ರೀಯ ಜಲಮಾರ್ಗ 1ರಲ್ಲಿ, ಹಡಗು ಓಡಿಸುವ ಉತ್ಸಾಹ ಬಂತು. ಅಭಯಾರಣ್ಯ ಅಡ್ಡವಾಯಿತು. ಅದನ್ನು ರದ್ದು ಮಾಡಿ ಪ್ರಯಾಗರಾಜ್ ಕಡೆ ಹೊಸದೊಂದನ್ನು ಘೋಷಿಸಿದರು. ಪ್ರಾಮಾಣಿಕವಾಗಿ ದುಡಿದ ನೌಕರನಿಗೆ ಕೊನೆಗೆ ವರ್ಗಾವಣೆ ತಪ್ಪುವುದಿಲ್ಲ, ಬೆನ್ನ ಮೇಲೆ ಎಷ್ಟು ಗಟ್ಟಿ ಚಿಪ್ಪಿದ್ದರೂ ಅಷ್ಟೇ.

ಆಮೆಗಳು ಖಾಲಿ ಮಾಡಿದ ದಾರಿಯಲ್ಲಿ 2023ರ ಜನವರಿ 13ರಂದು ಗಂಗಾ ವಿಲಾಸ್ ಹಡಗು ಹೊರಟಿತು. ಕಾಶಿಯಿಂದ ದಿಬ್ರುಗಢಕ್ಕೆ, ಬಾಂಗ್ಲಾದೇಶದ ಮೂಲಕ, 51 ದಿನ, 3,200 ಕಿಲೋಮೀಟರ್. ಹದಿನೆಂಟು ಕೋಣೆ, ಮೂವತ್ತಾರು ಪ್ರಯಾಣಿಕರು. ಮೊದಲ ಯಾನದಲ್ಲಿ ಹೋದವರು ಸ್ವಿಟ್ಜರ್ಲೆಂಡಿನವರು. ಆ ಹಡಗಿನ ಕೊಳಚೆ ಗಂಗೆ ಸೇರದಂತೆ ಅದರಲ್ಲೇ ಶುದ್ಧೀಕರಣ ಘಟಕವಿದೆ ಎಂದು ಹೆಮ್ಮೆಯಿಂದ ಪ್ರಚಾರ ಮಾಡಿದರು. ಹೆಮ್ಮೆ ಪಡಬೇಕಾದದ್ದೇ. ಮೂವತ್ತಾರು ಜನಕ್ಕೆ ಒಂದು ಘಟಕ. ಇದೇ ಪ್ರಮಾಣ ಹಿಡಿದು ದಡದ ಊರುಗಳಿಗೂ ಕಟ್ಟುತ್ತಾ ಹೋಗಿದ್ದರೆ ಮನೆಗಳಿಗೆ ಜಾಗ ಉಳಿಯುತ್ತಿರಲಿಲ್ಲ ಎಂಬ ಕಾರಣಕ್ಕೇ ಯಾರೂ ಆ ಸಾಹಸಕ್ಕೆ ಕೈಹಾಕಿಲ್ಲವೆಂದು ಕಾಣುತ್ತದೆ. ನದಿ ಶುದ್ಧೀಕರಣದ ನಮಾಮಿ ಗಂಗೆ ಯೋಜನೆಗೆ ಮೊದಲಿಗೆ ತೆಗೆದಿಟ್ಟದ್ದು 20,000 ಕೋಟಿ ರೂಪಾಯಿ. ನೂರು ಮಿಲಿಲೀಟರ್ ನೀರಿನಲ್ಲಿ ಮಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 2,500ರ ಒಳಗಿದ್ದರೆ ಸ್ನಾನಕ್ಕೆ ಅಡ್ಡಿಯಿಲ್ಲ ಎಂಬುದು ನಮ್ಮ ದೇಶದ ಮಾನದಂಡ. ಭಕ್ತರ ಮಾನದಂಡ ಇದಕ್ಕಿಂತ ಸರಳ. ತಾಯಿಗೆ ಮೈಲಿಗೆಯಿಲ್ಲ ಎಂದುಬಿಟ್ಟರೆ ಎಣಿಸುವ ತೊಂದರೆಯೇ ಇಲ್ಲ.

ಸಣ್ಣ ಕ್ರೂಸ್‌ಗಳಲ್ಲಿ ಕೂತವರದು ಇನ್ನೊಂದು ಬಗೆ. ಗಾಜಿನ ಹಿಂದೆ ಎ.ಸಿ. ಗಾಳಿ, ಧ್ವನಿವರ್ಧಕದಲ್ಲಿ ಗಂಗೆಯ ಮಹಿಮೆ, ಕೈಯಲ್ಲಿ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ನೀರು. ಗಂಗೆಯ ಮೇಲೆ ಕೂತು ಗಂಗೆಯ ಹನಿಯೂ ತಾಗದಂತೆ ಗಂಗೆಯನ್ನು ಹೊಗಳುವ ಈ ವ್ಯವಸ್ಥೆಗೆ ಟಿಕೆಟ್ ದರ ಹೆಚ್ಚು. ತಾಗುವ ಸಾಧ್ಯತೆ ಹೆಚ್ಚಿದಷ್ಟೂ ದರ ಇಳಿಯುತ್ತದೆ, ಹುಟ್ಟು ಹಾಕುವ ದೋಣಿಯಲ್ಲಿ ಅಗ್ಗ, ಮೆಟ್ಟಿಲಿಳಿದು ಮುಳುಗಿದರೆ ಪುಕ್ಕಟೆ. ದಡಕ್ಕೆ ಬಂದವರು ಆ ಬಾಟಲಿಯನ್ನೇ ಖಾಲಿ ಮಾಡಿ ಗಂಗಾಜಲ ತುಂಬಿಸಿಕೊಳ್ಳುತ್ತಾರೆ. ತಾವು ಕುಡಿಯಲು ಹಿಂಜರಿದ ನೀರನ್ನು ಊರಿನಲ್ಲಿ ಹಾಸಿಗೆ ಹಿಡಿದಿರುವ ಅಜ್ಜಿಯ ಬಾಯಿಗೆ ಬಿಡಲು ಅವರಿಗೆ ಯಾವ ಹಿಂಜರಿಕೆಯೂ ಇಲ್ಲ. ಅಜ್ಜಿಗೆ ಮೋಕ್ಷ ಸಿಗುವುದಂತೂ ಖಾತ್ರಿ, ಬೇಗ ಸಿಗುತ್ತದೆ.

ಚಳಿಗಾಲದಲ್ಲಿ ದೂರದ ಉತ್ತರದಿಂದ ಕಡಲಕ್ಕಿಗಳು ಇಲ್ಲಿಗೆ ಬರುತ್ತವೆ. ಸಾವಿರಾರು ಮೈಲಿ ಹಾರಿ ಪುಣ್ಯಕ್ಷೇತ್ರ ತಲುಪಿದ ಈ ಯಾತ್ರಿಕರಿಗೆ ನಾವು ಖಾರದ ಸೇವ್ ಎರಚುತ್ತೇವೆ. ಪೊಟ್ಟಣ ಮಾರುವ ಸಣ್ಣ ದೋಣಿ ನಮ್ಮ ದೋಣಿಗೆ ಬಂದು ಆತುಕೊಳ್ಳುತ್ತದೆ, ‘ಆವೋ ಆವೋ’ ಎಂದು ಕೂಗಿದರೆ ಹಕ್ಕಿಗಳ ಹಿಂಡು ಮುತ್ತಿಕೊಳ್ಳುತ್ತದೆ. ಮೀನು ಹಿಡಿದು ಬದುಕಬೇಕಾದ ಹಕ್ಕಿ ಕಡಲೆಹಿಟ್ಟು, ಎಣ್ಣೆ, ಮೆಣಸಿನಪುಡಿ ತಿಂದು ಬೇಸಗೆಯಲ್ಲಿ ಹೇಗೆ ಹಾರಿ ಹೋಗುತ್ತದೋ. ಪ್ರವಾಸಿಗರ ವಾದ ಮಾತ್ರ ಸ್ಪಷ್ಟವಾಗಿದೆ: ಅತಿಥಿ ಯಾವ ದೇಶದವನಾದರೂ ಬರಿಹೊಟ್ಟೆಯಲ್ಲಿ ಕಳಿಸಬಾರದು, ಫೋಟೊ ತೆಗೆಯುವವರೆಗಂತೂ ಕಳಿಸಲೇಬಾರದು.

ಇಷ್ಟಾದ ಮೇಲೆ ಆಚೆ ದಡ. ಕಾಶಿಯೆಲ್ಲವೂ ಈಚೆ ದಡದಲ್ಲಿದೆ, ಎದುರು ಬರೀ ಮರಳು. ಈಚೆ ಸತ್ತವರಿಗೆ ಮುಕ್ತಿ, ಆಚೆ ಸತ್ತವರಿಗೆ ಕತ್ತೆಯ ಜನ್ಮ ಎಂದು ಹಳೆಯ ನಂಬಿಕೆ. ಹಾಗಾಗಿ ಅಲ್ಲಿ ಯಾರೂ ಮನೆ ಕಟ್ಟಲಿಲ್ಲ. ಯಾರೂ ಕಟ್ಟದ ಜಾಗ ಕಂಡರೆ ಪ್ರವಾಸೋದ್ಯಮ ಸುಮ್ಮನಿರುವುದುಂಟೆ? ಅಲ್ಲಿ ಒಂಟೆ ಬಂತು, ಕುದುರೆ ಬಂತು, 2023ರಲ್ಲಿ ಐಷಾರಾಮಿ ಡೇರೆಗಳ ಊರೇ ಎದ್ದಿತು. ಅದು ಕೊನೆಗೆ ಹಸಿರು ನ್ಯಾಯಮಂಡಳಿಯ ಮುಂದೆ ಹೋಗಿ ನಿಂತಿತು. ಕತ್ತೆಯಾಗುವ ಅಪಾಯವಿರುವ ಮರಳಿನ ಮೇಲೆ ಒಂಟೆ ಹತ್ತಿ ಹಣ ಕೊಡುವವನನ್ನು ಕಂಡಾಗ, ಅದಕ್ಕೆ ಸಾಯುವವರೆಗೂ ಕಾಯಬೇಕೆಂಬ ನಿಯಮವಿಲ್ಲ ಎನಿಸುತ್ತದೆ.

ಸಂಜೆಯ ಆರತಿಯ ಹೊತ್ತಿಗೆ ದಶಾಶ್ವಮೇಧ ಘಾಟ್‌ನ ಎದುರು ದೋಣಿಗೆ ದೋಣಿ ಕಟ್ಟಿ ನಿಲ್ಲಿಸುತ್ತಾರೆ. ಎರಡಂತಸ್ತಿನ ಬಜ್ರಾಗಳು ಮುಂದೆ, ಸಣ್ಣವು ಹಿಂದೆ. ಚಹಾ ಮಾರುವ ಹುಡುಗ ದೋಣಿಯಿಂದ ದೋಣಿಗೆ ನಡೆದುಕೊಂಡೇ ಬರುತ್ತಾನೆ, ಗಂಗೆಯನ್ನು ಹೀಗೆ ಕಾಲು ಒದ್ದೆಯಾಗದೆ ದಾಟುವುದು ಹಿಂದೆ ಸಿದ್ಧಪುರುಷರಿಗೆ ಮಾತ್ರ ಸಾಧ್ಯವಿತ್ತು. ಆರತಿ ಎತ್ತುವವರ ಮುಖ ಗಂಗೆಯ ಕಡೆಗೆ. ಗಂಗೆ ಎಲ್ಲಿದ್ದಾಳೆಂದು ಅವರಿಗೂ ಕಾಣುವಂತಿಲ್ಲ, ಕಾಣುವುದು ಮೊಬೈಲ್ ಪರದೆಗಳ ಸಾಲು. ಹಿಂದಿನ ದೋಣಿಯವರು ಮುಂದಿನವರ ಪರದೆಯಲ್ಲಿ ಆರತಿ ನೋಡಿ ಅದನ್ನೇ ಚಿತ್ರೀಕರಿಸುತ್ತಾರೆ. ಅದನ್ನು ಕುಟುಂಬದ ಗುಂಪಿನಲ್ಲಿ ಹಾಕಿದಾಗ ಹುಬ್ಬಳ್ಳಿಯ ಅತ್ತೆ ಎರಡೂ ಕೈ ಜೋಡಿಸಿದ ಚಿತ್ರ ಕಳಿಸುತ್ತಾರೆ. ಆ ಹೊತ್ತಿನಲ್ಲಿ ಕೈ ಮುಗಿದವರು ಅವರೊಬ್ಬರೇ.

ಕಾಶಿಗೆ ಹೋದವರು ಇಷ್ಟವಾದದ್ದೊಂದನ್ನು ಬಿಟ್ಟು ಬರಬೇಕೆಂಬ ಪದ್ಧತಿಯಿದೆಯಲ್ಲ, ಅದರ ನೆನಪು ದೋಣಿ ದಡಕ್ಕೆ ತಾಗುವಾಗ ಬರುತ್ತದೆ. ಪಕ್ಕದಲ್ಲಿದ್ದ ಮೈಸೂರು ಕಡೆಯ ಸಂಸಾರದಲ್ಲಿ ಯಜಮಾನರು ಹಾಗಲಕಾಯಿ ಬಿಡುವುದಾಗಿ ಘೋಷಿಸಿದರು.

‘ಮದುವೆಯಾದಾಗಿನಿಂದ ನೀವು ಹಾಗಲಕಾಯಿ ತಿಂದದ್ದನ್ನು ನಾನು ಕಂಡಿಲ್ಲ’ ಎಂದರು ಅವರ ಹೆಂಡತಿ. ‘ಕಾಫಿ ಬಿಡಿ.’

‘ಕಾಫಿ ಬಿಟ್ಟರೆ ನಿನಗೇ ಕಷ್ಟ. ಇವನು ಮೊಬೈಲ್ ಬಿಡಲಿ.’

‘ಅಪ್ಪ, ಇಷ್ಟವಾದದ್ದನ್ನು ಬಿಡಬೇಕು ಎಂದರೆ ನಾಳೆ ಬೆಳಗಿನ ಜಾವದ ದೋಣಿಯನ್ನೇ ಬಿಟ್ಟುಬಿಡೋಣ. ನಿದ್ದೆಯಾದರೂ ಮಾಡಬಹುದು.’

ಮೂವರೂ ಒಂದು ಕ್ಷಣ ನಿಜಕ್ಕೂ ಯೋಚಿಸಿದರು. ಆಮೇಲೆ ಯಜಮಾನರು ರಸೀದಿ ತೆಗೆದು ಕೆಳಗಿನ ಸಣ್ಣ ಅಕ್ಷರಗಳನ್ನು ಓದಿದರು. ರದ್ದು ಮಾಡಿದರೆ ಹಣ ವಾಪಸಿಲ್ಲ. ಹಾಗಲಕಾಯಿಯೇ ನಿಂತಿತು.